ಯಗಜ್ಜಿಯ ಹೊಸ್ತಿಲು

ಮಾಸ್ಕೋದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ನಾವು ಆ ಮನೆಗೆ ಬಂದು ಮೂರು ವಾರ ಆಗಿತ್ತು. ಒಂದು ಸಂಜೆ ತಟ್ಟೆ ತುಂಬ ಬ್ಲಿನಿ ತಂದುಕೊಟ್ಟರು. ಬ್ಲಿನಿ ಅಂದರೆ ತೆಳ್ಳಗಿನ ಗೋಧಿ ದೋಸೆ, ಬೆಣ್ಣೆ ಸವರಿ ಮಡಿಸಿಟ್ಟದ್ದು. ಕೊಟ್ಟ ತಟ್ಟೆಯನ್ನು ಖಾಲಿ ವಾಪಸ್ ಕೊಡಬಾರದು ಅಂತ ನಮ್ಮಲ್ಲಿ ಇದೆಯಲ್ಲ. ಮಾರನೇ ದಿನ ಅದೇ ತಟ್ಟೆಯಲ್ಲಿ ನಾಲ್ಕು ರವೆ ಉಂಡೆ ಇಟ್ಟುಕೊಂಡು ಅವರ ಬಾಗಿಲು ತಟ್ಟಿದೆ.

ಅವರು ಒಳಗೆ, ನಾನು ಹೊರಗೆ. ನಡುವೆ ಮರದ ಹೊಸ್ತಿಲು. ಕಂದು ಬಣ್ಣ ಬಳಿದದ್ದು, ಕಾಲು ತಾಗಿ ತಾಗಿ ನಡುವೆ ಬಣ್ಣ ಹೋಗಿ ತಗ್ಗಾಗಿತ್ತು. ನಾನು ತಟ್ಟೆ ಚಾಚಿದೆ. ಅಜ್ಜಿ ಕೈ ಹಿಂದಕ್ಕೆ ಎಳೆದುಕೊಂಡರು. "ನ್ಯೆ ಚೆರೆಜ್ ಪರೋಗ್" ಅಂದರು. ನನಗೆ ಆಗ ರಷ್ಯನ್‌ನಲ್ಲಿ ಹತ್ತಿಪ್ಪತ್ತು ಮಾತು ಬಿಟ್ಟರೆ ಏನೂ ಬರುತ್ತಿರಲಿಲ್ಲ. ಏನೋ ತಪ್ಪು ಮಾಡಿದೆ ಅಂತ ಎದೆ ಧಸಕ್ಕೆಂದಿತು. ಅವರು ನಕ್ಕು, ನನ್ನ ಮೊಣಕೈ ಹಿಡಿದು ಮೆಲ್ಲಗೆ ಒಳಗೆ ಕರೆದುಕೊಂಡರು. ಎರಡೂ ಕಾಲು ಒಳಗೆ ಬಂದ ಮೇಲೆ ತಟ್ಟೆ ಇಸಿದುಕೊಂಡರು. "ದೋಚ್ಕಾ" ಅಂದರು. ಆ ಮಾತು ಮಾತ್ರ ನನಗೆ ಗೊತ್ತಿತ್ತು, ಮಗಳೇ ಅಂತ.

ಮನೆಗೆ ಬಂದು ನಿಘಂಟು ತೆಗೆದು ನೋಡಿದೆ. ಪರೋಗ್ ಅಂದರೆ ಹೊಸ್ತಿಲು. ಹೊಸ್ತಿಲಿನ ಆಚೆಯಿಂದ ಈಚೆಗೆ ಏನನ್ನೂ ಕೊಡಬಾರದು, ತಗೋಬಾರದು. ನಮ್ಮ ಅಜ್ಜಿ ನೆನಪಾದರು. ಹೊಸ್ತಿಲ ಮೇಲೆ ಕೂರಬೇಡ, ಹೊಸ್ತಿಲ ಮೇಲೆ ನಿಂತು ಸೀನಬೇಡ ಅಂತ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು.

ಇದೆಲ್ಲ 2017ರ ಮಾತು. ಆಮೇಲೆ ನಾನು ಮಕ್ಕಳಿಗಾಗಿ ಒಂದು ಕಾದಂಬರಿ ಬರೆದೆ. ರಷ್ಯದ ಜನಪದ ಕಥೆಗಳಲ್ಲಿ ಬರುವ, ಮನುಷ್ಯರನ್ನು ತಿನ್ನುವ ಕಾಡಿನ ಮುದುಕಿ ಬಾಬಾ ಯಗಾ ಅದರಲ್ಲಿದ್ದಾಳೆ. ಐದು ವರ್ಷ ಹಿಡಿಯಿತು. ಮೂರು ಸಲ ಮೊದಲಿನಿಂದ ಬರೆದೆ. ಹೊಸ್ತಿಲು ಆ ಕಥೆಯ ನಡುಗಂಬ ಅಂತ ನನಗೆ ಹೊಳೆದದ್ದು ಮೂರನೇ ಸಲ ಕೂತಾಗ.

ಚಿಕ್ಕಂದಿನಲ್ಲಿ ಅಪ್ಪ ನವಕರ್ನಾಟಕ ಮಳಿಗೆಯಿಂದ ಸೋವಿಯತ್ ಪುಸ್ತಕ ತರುತ್ತಿದ್ದರು. ದಪ್ಪ ಹಾಳೆ, ಬಣ್ಣದ ಚಿತ್ರ, ಬೆಲೆ ಮಾತ್ರ ಕಡಿಮೆ. ಹಿಮದಲ್ಲಿ ಕೆಂಪು ಶಾಲು ಸುತ್ತಿಕೊಂಡು ಓಡುವ ಹುಡುಗಿಯರನ್ನು ನಾನು ಮೊದಲು ನೋಡಿದ್ದು ಅಲ್ಲೇ. ಹಾಗಾಗಿ ನನ್ನ ಯಜಮಾನರಿಗೆ ಮಾಸ್ಕೋದಲ್ಲಿ ಎರಡು ವರ್ಷದ ಕೆಲಸ ಅಂದಾಗ ನಾನು ಮೊದಲು ಯೋಚಿಸಿದ್ದು ಆ ಪುಸ್ತಕಗಳನ್ನೇ. ಅಲ್ಲಿಗೆ ಹೋಗಿ ಒಂದು ತಿಂಗಳೊಳಗೆ ಇವಾನ್ ಬಿಲೀಬಿನ್ ಚಿತ್ರಗಳಿರುವ ಒಂದು ಕಥೆ ಪುಸ್ತಕ ಕೊಂಡುಕೊಂಡೆ. 1900ರ ಆಸುಪಾಸಿನಲ್ಲಿ ಬರೆದ ಚಿತ್ರಗಳು. ಪ್ರತಿ ಚಿತ್ರಕ್ಕೂ ಸೆರಗಿನ ಅಂಚಿನ ಹಾಗೆ ಒಂದು ಅಂಚು. ಅಂಚಿನೊಳಗೆ ಅಣಬೆ, ಗೂಬೆ, ಬೇರು. ಇಷ್ಟು ಚೆನ್ನಾಗಿ ಬರೆದ ಮನುಷ್ಯ 1942ರಲ್ಲಿ, ಲೆನಿನ್‌ಗ್ರಾದ್ ಮುತ್ತಿಗೆಯ ಹಸಿವಿನಲ್ಲಿ ತೀರಿಕೊಂಡರು. ಅದು ಗೊತ್ತಾದ ದಿನ ಆ ಪುಸ್ತಕವನ್ನು ಬೇರೆ ಥರ ಹಿಡಿದುಕೊಂಡೆ.

ಮಗಳಿಗೆ ಆಗ ಎಂಟು ವರ್ಷ. ದಿನಕ್ಕೆ ಐದಾರು ಸಾಲು ಅಂತ ಇಬ್ಬರೂ ನಿಘಂಟು ಇಟ್ಟುಕೊಂಡು ಓದಿದೆವು. ಮೊದಲ ಕಥೆ ಚೆಲುವೆ ವಸಿಲೀಸಾ. ಅದರಲ್ಲಿ ವಸಿಲೀಸಾಗೂ ಎಂಟೇ ವರ್ಷ. ತಾಯಿ ಸಾಯುವಾಗ ಹೊದಿಕೆಯ ಕೆಳಗಿನಿಂದ ಒಂದು ಪುಟ್ಟ ಗೊಂಬೆ ತೆಗೆದು ಕೊಡುತ್ತಾಳೆ. ಯಾರಿಗೂ ತೋರಿಸಬೇಡ, ಕಷ್ಟ ಬಂದಾಗ ಇದಕ್ಕೆ ತಿನ್ನಲು ಕೊಡು, ಆಮೇಲೆ ಏನು ಮಾಡಲಿ ಅಂತ ಕೇಳು ಅನ್ನುತ್ತಾಳೆ. ತಿಂದ ಮೇಲೆ ಗೊಂಬೆಯ ಕಣ್ಣು ಎರಡು ಮೇಣದಬತ್ತಿಯ ಹಾಗೆ ಹೊಳೆಯುತ್ತವೆ. ಮಲತಾಯಿಯ ಮಕ್ಕಳು ದೀಪ ಆರಿಸಿ, ಬೆಂಕಿ ತಾ ಹೋಗು ಅಂತ ವಸಿಲೀಸಾಳನ್ನು ಕಾಡಿಗೆ ಅಟ್ಟುತ್ತಾರೆ. ಕಾಡಿನಲ್ಲಿ ಯಗಾಳ ಮನೆ. ಮನುಷ್ಯರ ಮೂಳೆಯ ಬೇಲಿ, ಬೇಲಿಯ ಮೇಲೆ ತಲೆಬುರುಡೆಗಳು. ಚಿಲಕದ ಜಾಗದಲ್ಲಿ ಕೈಗಳು, ಬೀಗದ ಜಾಗದಲ್ಲಿ ಚೂಪು ಹಲ್ಲಿನ ಬಾಯಿ. ಕತ್ತಲಾದ ಕೂಡಲೇ ಬುರುಡೆಗಳ ಕಣ್ಣು ಹೊತ್ತಿಕೊಂಡು ಬಯಲೆಲ್ಲ ಹಗಲಿನ ಹಾಗೆ ಆಗುತ್ತದೆ.

ಆ ಸಾಲು ಓದಿದ ರಾತ್ರಿ ಮಗಳು ನನ್ನ ಪಕ್ಕದಲ್ಲೇ ಮಲಗಿದಳು. ಬೆಳಗ್ಗೆ ಎದ್ದು ಕೇಳಿದ ಮೊದಲ ಮಾತು, "ಅಮ್ಮ, ಇವತ್ತು ಮುಂದಕ್ಕೆ ಓದೋಣ್ವಾ?" ಮಕ್ಕಳಿಗೆ ಭಯ ಬೇಡ ಅನ್ನುವವರ ಜೊತೆ ನನಗೆ ಆವತ್ತಿನಿಂದ ಹೊಂದಾಣಿಕೆ ಆಗಿಲ್ಲ.

2019ರಲ್ಲಿ ಮೈಸೂರಿಗೆ ವಾಪಸ್ ಬಂದೆವು. ಬಂದ ವರ್ಷವೇ ಬರೆಯಲು ಶುರುಮಾಡಿದೆ. ವಸಿಲೀಸಾಳ ಕಥೆಯನ್ನು ಮತ್ತೆ ಹೇಳುವುದು ನನಗೆ ಬೇಕಿರಲಿಲ್ಲ. ಅದೇ ಕಾಡಿನಲ್ಲಿ ಇನ್ನೊಬ್ಬ ಹುಡುಗಿ ನಡೆಯಬೇಕು ಅನ್ನಿಸಿತ್ತು. ಉತ್ತರ ರಷ್ಯದ ಒಂದು ಹಳ್ಳಿ. ಚಳಿಗಾಲದ ಒಂದು ರಾತ್ರಿ ಎಲ್ಲ ಮನೆಗಳ ಒಲೆ ಒಟ್ಟಿಗೆ ಆರಿಹೋಗುತ್ತದೆ. ಒಲೆಯ ಹಿಂದೆ ಇರುವ ದೊಮೊವೊಯ್‌ಗಳು, ಅಂದರೆ ಮನೆ ಕಾಯುವ ಮುದುಕರು, ಊರು ಬಿಟ್ಟಿದ್ದಾರೆ. ಹತ್ತು ವರ್ಷದ ಹುಡುಗಿ ಯಗಾಳ ಹತ್ತಿರ ಬೆಂಕಿ ತರಲು ಹೋಗುತ್ತಾಳೆ. ಇಷ್ಟೇ ಎಳೆ.

ವ್ಲಾದಿಮಿರ್ ಪ್ರಾಪ್ ಅಂತ ಒಬ್ಬ ವಿದ್ವಾಂಸ 1928ರಲ್ಲಿ ಒಂದು ಪುಸ್ತಕ ಬರೆದರು. ರಷ್ಯದ 100 ಮಾಯಾಕಥೆಗಳನ್ನು ಬಿಚ್ಚಿನೋಡಿ, ಎಲ್ಲದರಲ್ಲೂ ಬರುವ ಘಟನೆಗಳು ಒಟ್ಟು 31, ಬರುವ ಕ್ರಮವೂ ಒಂದೇ ಅಂತ ತೋರಿಸಿದರು. ಮನೆಯವರೊಬ್ಬರು ದೂರ ಹೋಗುವುದು, ಮಾಡಬೇಡ ಅಂದದ್ದನ್ನು ಮಾಡುವುದು, ಸಹಾಯ ಮಾಡುವವರು ಸಿಗುವುದು, ಹೀಗೆ. ನಾನು ಆ 31ನ್ನೂ ಒಂದು ದೊಡ್ಡ ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದೆ. ಒಂದೊಂದು ಅಧ್ಯಾಯ ಮುಗಿದ ಹಾಗೆ ಟಿಕ್ ಹಾಕುತ್ತಾ ಹೋದೆ. ಏಳು ತಿಂಗಳಲ್ಲಿ ಮೊದಲ ಕರಡು ಮುಗಿಯಿತು. ಜೋರಾಗಿ ಓದಿದಾಗ ಗೊತ್ತಾಯಿತು, ಅದರಲ್ಲಿ ಜೀವವೇ ಇರಲಿಲ್ಲ. ಪ್ರಾಪ್ ಮುಗಿದ ಕಥೆಗಳ ಎಲುಬು ಎಣಿಸಿದ್ದರು. ನಾನು ಎಲುಬಿನಿಂದ ಶುರುಮಾಡಿದ್ದೆ. ಯಗಾ ಬರೀ ಕೆಟ್ಟ ಮಾಟಗಾತಿ ಆಗಿಬಿಟ್ಟಿದ್ದಳು. ಹುಡುಗಿ ಗೆಲ್ಲಲು ಅವಳು ಸೋಲಬೇಕಿತ್ತು, ಸೋತಳು, ಅಷ್ಟೆ.

ಹೆಸರಿನದೂ ಒಂದು ಕಷ್ಟ ಇತ್ತು. ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಶನಿವಾರ ಮಕ್ಕಳಿಗೆ ಕಥೆ ಓದುತ್ತೇನೆ. ಮೊದಲ ಅಧ್ಯಾಯ ಓದಿದ್ದೇ ತಡ, ಒಬ್ಬ ಹುಡುಗ ಕೈ ಎತ್ತಿದ. "ಆಂಟಿ, ಬಾಬಾಗೆ ಗಡ್ಡ ಇರತ್ತಾ?" ಇನ್ನೊಬ್ಬಳು, "ಯಾಗ ಅಂದ್ರೆ ಹೋಮ ಅಲ್ವಾ?" ಮಕ್ಕಳು ಕೇಳಿದ್ದು ಸರಿಯೇ. ನಮಗೆ ಬಾಬಾ ಅಂದರೆ ಸಾಯಿಬಾಬಾ, ಯಾಗ ಅಂದರೆ ತುಪ್ಪ, ಸಮಿತ್ತು, ಹೊಗೆ. ರಷ್ಯನ್‌ನಲ್ಲಿ ಬಾಬಾ ಅಂದರೆ ಹೆಂಗಸು, ಮುದುಕಿ. ಅಜ್ಜಿಗೆ ಪ್ರೀತಿಯಿಂದ ಹೇಳುವ ಬಾಬುಷ್ಕಾ ಕೂಡ ಅಲ್ಲಿಂದಲೇ ಬಂದದ್ದು. ಹೆಸರು ಹೇಳುವಾಗ ಒತ್ತು ಬೀಳುವುದು ಕೊನೆಗೆ, ಯಗಾ ಅಂತ. ಒಂದು ವಾರ ಬಾಯಲ್ಲಿ ತಿರುಗಿಸಿ ತಿರುಗಿಸಿ, ಕೊನೆಗೆ ಯಗಜ್ಜಿ ಅಂದೆ. ಮುಂದಿನ ಶನಿವಾರ ಯಾರೂ ಕೈ ಎತ್ತಲಿಲ್ಲ. ಯಗಜ್ಜಿ ಬಂದಳು, ಯಗಜ್ಜಿ ಹೋದಳು ಅಂತ ಅವರೇ ಹೇಳತೊಡಗಿದರು. ಹುಡುಗಿಗೆ ಮೊದಲು ನಾಸ್ತ್ಯಾ ಅಂತ ಇಟ್ಟಿದ್ದೆ. ಎಲ್ಲರೂ ನಾಷ್ಟಾ ಅಂತಲೇ ಓದಿದರು. ಅರೀನಾ ಅಂತ ಬದಲಾಯಿಸಿದೆ.

ಇನ್ನು ಯಗಜ್ಜಿಯ ಗಾಡಿ. ಅವಳು ಒರಳಿನಲ್ಲಿ ಕೂತು, ಒನಕೆಯಿಂದ ತಳ್ಳಿಕೊಂಡು, ಹಿಂದೆ ಬಿದ್ದ ಗುರುತನ್ನು ಪೊರಕೆಯಿಂದ ಗುಡಿಸಿಕೊಂಡು ಬರುತ್ತಾಳೆ. ಒನಕೆ ಅಂದ ಕೂಡಲೇ ಮಕ್ಕಳು ಓಬವ್ವ ಅಂತ ಕೂಗಿದರು. ನನಗೆ ಖುಷಿಯೇ ಆಯಿತು, ಒನಕೆ ಹಿಡಿದ ಹೆಂಗಸಿನ ಮುಂದೆ ಸುಮ್ನೆ ನಿಲ್ಲಬಾರದು ಅಂತ ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಒರಳು ಅಂದಾಗ ಅವರು ಬರೆದ ಚಿತ್ರದಲ್ಲಿ ಬಂದದ್ದು ಅಡುಗೆಮನೆಯ ಒರಳುಕಲ್ಲು. ಅದರೊಳಗೆ ಅಜ್ಜಿ ಹೇಗೆ ಕೂರುವುದು? ರಷ್ಯದ ಒರಳು ಮರದ್ದು. ಒಂದೇ ದಿಮ್ಮಿಯನ್ನು ಕೊರೆದು ಮಾಡಿದ್ದು, ನಿಂತರೆ ಸೊಂಟದ ತನಕ ಬರುತ್ತದೆ. ಅದನ್ನು ನಾನು ಕಣ್ಣಾರೆ ನೋಡಿದ್ದೆ, ಮುಟ್ಟಿದ್ದೆ. ಒಳಗೆ ಕೈಬಿಟ್ಟರೆ ಮೊಣಕೈ ಮುಳುಗುವಷ್ಟು ಆಳ. ಧಾನ್ಯ ಕುಟ್ಟಿ ಕುಟ್ಟಿ ಒಳಗಿನ ಮರ ಗಾಜಿನ ಹಾಗೆ ನುಣ್ಣಗಾಗಿತ್ತು. ಹಾಗಾಗಿ "ಮರದ ದೊಡ್ಡ ಒರಳು" ಅಂತ ಬರೆದು, ಅರೀನಾ ಅದರೊಳಗೆ ಇಳಿದು ಬಚ್ಚಿಟ್ಟುಕೊಳ್ಳುವ ಒಂದು ದೃಶ್ಯವನ್ನೂ ಸೇರಿಸಿದೆ. ಆಮೇಲೆ ಚಿತ್ರಗಳು ಸರಿಯಾದವು.

ಎರಡನೇ ಕರಡಿನಲ್ಲಿ ನಾನು ಮಾಡಿದ ತಪ್ಪು ಇನ್ನೂ ದೊಡ್ಡದು. ಯಗಜ್ಜಿಯನ್ನು ನಮ್ಮ ಅಡಗೂಲಜ್ಜಿ ಮಾಡಿಬಿಟ್ಟೆ. ನಮ್ಮ ಕಥೆಗಳಲ್ಲಿ ಊರಾಚೆ ಒಂಟಿ ಮನೆಯಲ್ಲಿ ಇರುತ್ತಾಳಲ್ಲ, ದಾರಿ ತಪ್ಪಿದ ರಾಜಕುಮಾರನಿಗೆ ಅನ್ನ ಹಾಕಿ ಉಪಾಯ ಹೇಳಿಕೊಡುವವಳು. ಹೆಸರಿಗೆ ಅಜ್ಜಿ ಅಂತ ಸೇರಿಸಿದ ಮೇಲೆ ಅವಳು ತಾನಾಗಿ ಆ ಕಡೆಗೆ ವಾಲಿದಳು. ಮೇಲೆ ಒರಟು, ಒಳಗೆ ಮೆತ್ತಗೆ. ಒಬ್ಬ ಪ್ರಕಾಶಕರಿಗೆ ಕಳಿಸಿದೆ. ಅವರಿಗೆ ಇಷ್ಟ ಆಯಿತು. ಬುರುಡೆ ಬೇಲಿ ತೆಗೆದು ಹೂವಿನ ಬೇಲಿ ಮಾಡಿದರೆ ಶಾಲೆಗಳಿಗೂ ಕೊಡಬಹುದು ಅಂದರು. ನಾನು ಎರಡು ದಿನ ಯೋಚಿಸಿದೆ, ಹೂಂ ಅನ್ನಲೂ ಹೊರಟಿದ್ದೆ.

ಬೇಡ ಅಂದದ್ದು ಮಗಳು. ಆಗ ಅವಳಿಗೆ ಹನ್ನೊಂದು. ಪೂರ್ತಿ ಓದಿ, ಹಾಳೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟಳು. "ಅಮ್ಮ, ಇವಳು ನಾವು ಓದಿದ ಯಗಾ ಅಲ್ಲ. ಇವಳು ತಿನ್ನಲ್ಲ. ತಿನ್ನಲ್ಲ ಅಂತ ಗೊತ್ತಿದ್ದ ಮೇಲೆ ಅರೀನಾ ಒಳಗೆ ಹೋಗಿದ್ದರಲ್ಲಿ ಏನಿದೆ?"

ನನಗೆ ಅಫನಾಸ್ಯೆವ್ ನೆನಪಾದರು. ಈ ಕಥೆಗಳನ್ನು ಒಟ್ಟುಮಾಡಿ ಅಚ್ಚು ಹಾಕಿಸಿದವರು ಅವರು, ಅಲೆಕ್ಸಾಂದರ್ ಅಫನಾಸ್ಯೆವ್. 1855ರಿಂದ 1863ರ ತನಕ ಎಂಟು ಭಾಗ, ಸುಮಾರು 600 ಕಥೆ. ಭೂಗೋಳ ಸಂಘದ ಹಸ್ತಪ್ರತಿಗಳನ್ನು ಕೆದಕಿದರು. ನಿಘಂಟು ಮಾಡಿದ ವ್ಲಾದಿಮಿರ್ ದಾಲ್ ತಾವು ಕೂಡಿಟ್ಟ ಕಥೆಗಳನ್ನು ಅವರಿಗೆ ಕೊಟ್ಟರು. 1862ರಲ್ಲಿ ಸರ್ಕಾರಿ ಕೆಲಸ ಹೋಯಿತು. ಹೊಟ್ಟೆಪಾಡಿಗೆ ತಮ್ಮ ಪುಸ್ತಕಗಳನ್ನೇ ಮಾರಬೇಕಾಯಿತು. 1871ರಲ್ಲಿ ಕ್ಷಯದಿಂದ ತೀರಿಕೊಂಡಾಗ ವಯಸ್ಸು 45. ಅವರು ಉಳಿಸಿಕೊಟ್ಟ ಯಗಾಗೆ ಮೂಳೆಯ ಬೇಲಿ ಇತ್ತು. ಅದನ್ನು ಕಿತ್ತು ಹೂವು ನೆಡಲು ನನಗೆ ಮನಸ್ಸು ಬರಲಿಲ್ಲ. ಪ್ರಕಾಶಕರಿಗೆ ಆಗುವುದಿಲ್ಲ ಅಂತ ಬರೆದೆ.

ಆಮೇಲೆ ನಾಲ್ಕು ತಿಂಗಳು ಏನೂ ಬರೆಯಲಿಲ್ಲ. ಮಾಸ್ಕೋದ ಡೈರಿಗಳನ್ನು ತೆಗೆದು ಓದುತ್ತಾ ಕೂತೆ. ಒಂದು ಫೆಬ್ರವರಿಯಲ್ಲಿ ರಾತ್ರಿ ರೈಲು ಹಿಡಿದು ವೆಲಿಕಿ ನೊವ್ಗೊರೊದ್‌ಗೆ ಹೋಗಿದ್ದೆವು. ಅಲ್ಲಿ ವಿತೊಸ್ಲಾವ್ಲಿತ್ಸಿ ಅಂತ ಒಂದು ಬಯಲು ವಸ್ತುಸಂಗ್ರಹಾಲಯ ಇದೆ, 1964ರಲ್ಲಿ ಶುರುವಾದದ್ದು. ಸುತ್ತಲಿನ ಹಳ್ಳಿಗಳ ಹಳೆಯ ಮರದ ಮನೆ, ಮರದ ಚರ್ಚುಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ್ದಾರೆ. ಒರಳನ್ನು ಮುಟ್ಟಿದ್ದೂ ಅಲ್ಲಿಯೇ. ಡೈರಿಯಲ್ಲಿ ಒಲೆಯ ಬಗ್ಗೆಯೇ ಎರಡು ಪುಟ ಇತ್ತು. ಅದು ಒಲೆ ಅನ್ನುವುದಕ್ಕಿಂತ ಮನೆಯೊಳಗಿನ ಇನ್ನೊಂದು ಮನೆ. ಒಳಗೆ ರೊಟ್ಟಿ ಬೇಯುತ್ತದೆ, ಮೇಲೆ ಅಜ್ಜ ಅಜ್ಜಿ ಮಕ್ಕಳು ಮಲಗುತ್ತಾರೆ. ಸೊರಗಿದ ಕೂಸನ್ನು ರೊಟ್ಟಿಯ ಉದ್ದ ಸಟ್ಟುಗದ ಮೇಲೆ ಮಲಗಿಸಿ, ಆರಿದ ಒಲೆಯ ಬಿಸುಪಿಗೆ ಒಂದಿಷ್ಟು ಒಳಗೆ ತೋರಿಸಿ ಹೊರಗೆ ತೆಗೆಯುವ ಪದ್ಧತಿ ಇತ್ತಂತೆ. ಸರಿಯಾಗಿ ಬೇಯದ ಮಗುವನ್ನು ಮತ್ತೆ ಬೇಯಿಸಿದ ಹಾಗೆ. ಯಗಜ್ಜಿ ಮಕ್ಕಳನ್ನು ಸಟ್ಟುಗದ ಮೇಲೆ ಕೂರಿಸಿ ಒಲೆಗೆ ತಳ್ಳುವುದು ನನಗೆ ಆಗ ಬೇರೆ ಥರ ಕಾಣಿಸಿತು. ಕೊಲ್ಲುವ ಕೈ ಯಾವುದು, ಬದುಕಿಸುವ ಕೈ ಯಾವುದು ಅಂತ ಹೇಳುವ ಹಾಗಿಲ್ಲ.

ಅದರ ಕೆಳಗೆ ಒಂದು ಸಾಲು ಬರೆದಿದ್ದೆ. "ಬಾಗಿಲು ಗಿಡ್ಡ, ಹೊಸ್ತಿಲು ಎತ್ತರ. ಬಿಸಿ ಹೊರಗೆ ಹೋಗದಿರಲಿ ಅಂತ. ತಲೆ ತಗ್ಗಿಸಿ ಕಾಲು ಎತ್ತಬೇಕು."

ಪಕ್ಕದ ಮನೆ ಅಜ್ಜಿ ಕಣ್ಣ ಮುಂದೆ ಬಂದರು. ಚಾಚಿದ ತಟ್ಟೆ, ಹಿಂದಕ್ಕೆ ಹೋದ ಕೈ. ಎದ್ದು ಹೋಗಿ ವಸಿಲೀಸಾಳ ಕಥೆ ಮತ್ತೆ ತೆಗೆದೆ. ದಾರಿಯಲ್ಲಿ ಕಂಡ ಮೂವರು ಕುದುರೆ ಸವಾರರ ಬಗ್ಗೆ ವಸಿಲೀಸಾ ಕೇಳುತ್ತಾಳೆ. ಬಿಳಿಯವನು ಹಗಲು, ಕೆಂಪಿನವನು ಸೂರ್ಯ, ಕಪ್ಪಿನವನು ರಾತ್ರಿ ಅಂತ ಯಗಾ ಹೇಳುತ್ತಾಳೆ. ಆದರೆ ಮನೆಯೊಳಗೆ ಮೂರು ಜೊತೆ ಕೈಗಳು ಬಂದು ಗೋಧಿ ಒಯ್ದದ್ದನ್ನು ವಸಿಲೀಸಾ ಕೇಳುವುದಿಲ್ಲ. ಅದಕ್ಕೆ ಯಗಾ ಅನ್ನುತ್ತಾಳೆ, ಹೊರಗೆ ಕಂಡದ್ದನ್ನು ಮಾತ್ರ ಕೇಳಿದೆ, ಒಳ್ಳೆಯದಾಯಿತು, ನನ್ನ ಮನೆಯ ಕಸ ಹೊರಗೆ ಹೋಗುವುದು ನನಗೆ ಆಗದು, ಅತಿಯಾಗಿ ಕೆದಕುವವರನ್ನು ತಿಂದುಬಿಡುತ್ತೇನೆ. ದೀಪ ಹಚ್ಚಿದ ಮೇಲೆ ಕಸ ಹೊಸ್ತಿಲು ದಾಟಿಸಬಾರದು ಅಂತ ಕೇಳಿಕೊಂಡು ಬೆಳೆದವಳು ನಾನು. ಇಷ್ಟು ಸಲ ಓದಿದ್ದರೂ ಆ ಸಾಲು ಕಣ್ಣಿಗೆ ಬಿದ್ದಿರಲಿಲ್ಲ.

ಪ್ರಾಪ್ 1946ರಲ್ಲಿ ಬರೆದ ಇನ್ನೊಂದು ಪುಸ್ತಕದಲ್ಲೂ ಇದೇ ಇತ್ತು. ಯಗಾಳ ಮನೆ ಬದುಕಿರುವವರ ಲೋಕಕ್ಕೂ ಸತ್ತವರ ಲೋಕಕ್ಕೂ ನಡುವಿನ ಗಡಿ ಅಂತ. ಅದಕ್ಕೇ ಕೋಳಿಕಾಲಿನ ಮೇಲೆ ನಿಂತ ಆ ಮನೆಯನ್ನು ಸುತ್ತಿಕೊಂಡು ಹೋಗುವ ಹಾಗಿಲ್ಲ, ಮಾತು ಹೇಳಿ ಅದನ್ನೇ ತಿರುಗಿಸಬೇಕು. ಅದಕ್ಕೇ ಅವಳದು ಮೂಳೆಯ ಕಾಲು. ಅದಕ್ಕೇ ಅವಳು ಮನೆಯ ಮೂಲೆಯಿಂದ ಮೂಲೆಗೆ, ಶವಪೆಟ್ಟಿಗೆಯಲ್ಲಿ ಮಲಗಿದ ಹಾಗೆ ಮಲಗಿರುತ್ತಾಳೆ. ಅವಳನ್ನು ಒಳ್ಳೆಯವಳೋ ಕೆಟ್ಟವಳೋ ಅಂತ ಕೇಳುವುದೇ ಹೊಂದದ ಮಾತು. ಅವಳು ಹೊಸ್ತಿಲು ಕಾಯುವವಳು. ದಾಟಲು ಗೊತ್ತಿದ್ದವರನ್ನು ದಾಟಿಸುತ್ತಾಳೆ, ಇಲ್ಲದವರನ್ನು ತಿನ್ನುತ್ತಾಳೆ.

ಮೂರನೇ ಕರಡು ಒಂದೇ ಉಸಿರಿಗೆ ಬಂತು ಅನ್ನಬಹುದು. ಅರೀನಾ ಪ್ರತಿ ಅಧ್ಯಾಯದಲ್ಲೂ ಒಂದು ಹೊಸ್ತಿಲು ದಾಟುತ್ತಾಳೆ. ತನ್ನ ಮನೆಯದು, ಊರಿನದು, ಕಾಡಿನದು. ಕಾಡಿನ ಒಡೆಯ ಲೇಶಿ ದಾರಿ ತಪ್ಪಿಸಿದಾಗ ಅವಳು ಅಂಗಿಯನ್ನು ಒಳಮೈ ಹೊರಗೆ ಮಾಡಿ ಹಾಕಿಕೊಂಡು, ಎಡ ಬಲ ಜೋಡು ಅದಲುಬದಲು ಮಾಡಿ ನಡೆಯುತ್ತಾಳೆ. ಅದೂ ಅಲ್ಲಿನ ಜನ ನಂಬಿದ್ದೇ. ಯಗಜ್ಜಿಯ ಮನೆ ಮುಂದೆ ನಿಂತು ಹೇಳುವ ಮಾತಿಗೆ ಮಾತ್ರ ಒಂದು ತಿಂಗಳು ಹಿಡಿಯಿತು. ಗುಡಿಸಲೇ ಗುಡಿಸಲೇ ಅಂತ ಮೊದಲು ಬರೆದಿದ್ದೆ. ಆದರೆ ಇಜ್ಬಾ ಗುಡಿಸಲಲ್ಲ, ದಿಮ್ಮಿ ಜೋಡಿಸಿ ಕಟ್ಟಿದ ಗಟ್ಟಿ ಮನೆ. ಕೊನೆಗೆ ನಿಂತದ್ದು ಹೀಗೆ: "ಪುಟ್ಮನೆ ಪುಟ್ಮನೆ, ಕಾಡಿಗೆ ಬೆನ್ನು ಹಾಕು, ನಂಗೆ ಮುಖ ಮಾಡು." ಶನಿವಾರದ ಮಕ್ಕಳು ಇದನ್ನು ಲಿಫ್ಟಿನ ಮುಂದೆ ನಿಂತು ಹೇಳುತ್ತಾರಂತೆ. ಒಬ್ಬರ ತಾಯಿ ಫೋನ್ ಮಾಡಿ ಹೇಳಿದರು.

ಒಳಗೆ ಹೋದ ಮೇಲೆ ಅರೀನಾ ಹೆದರಿ ಅಳುವುದಿಲ್ಲ. ರಷ್ಯದ ಕಥೆಗಳಲ್ಲಿ ನಾಯಕ ಯಗಾಗೆ ಗದರುತ್ತಾನೆ, ಮೊದಲು ಊಟ ಹಾಕು, ಕುಡಿಯಲು ಕೊಡು, ಸ್ನಾನಕ್ಕೆ ನೀರು ಕಾಯಿಸು, ಆಮೇಲೆ ಎಲ್ಲಿಂದ ಬಂದೆ ಅಂತ ಕೇಳು. ಇದನ್ನು ಕನ್ನಡಕ್ಕೆ ತರಲು ನಾನು ಕಷ್ಟಪಡಲೇ ಇಲ್ಲ. ಬಂದವರ ಕಾಲಿಗೆ ನೀರು ಕೊಡದೆ ಮಾತು ಶುರುಮಾಡಿದರೆ ನಮ್ಮಜ್ಜಿಯೂ ಹೀಗೇ ಗದರುತ್ತಿದ್ದರು.

ಕಷ್ಟ ಆದದ್ದು ಚಿಕ್ಕ ಚಿಕ್ಕ ಪದಗಳು. ಹಾಲಿನ ಹೊಳೆ, ಕಿಸೆಲ್‌ನ ದಡ ಅಂತ ಒಂದು ಮಾತು ಬರುತ್ತದೆ. ಈಗಿನ ಕಿಸೆಲ್ ಹಣ್ಣಿನ ರಸದ ಗಂಜಿಯ ಹಾಗೆ ಕುಡಿಯುವಷ್ಟು ತೆಳ್ಳಗೆ ಇರುತ್ತದೆ. ಅದರಿಂದ ದಡ ಹೇಗೆ ಆಗುತ್ತದೆ? ಪಕ್ಕದ ಮನೆ ಅಜ್ಜಿಗೆ ವಿಡಿಯೋ ಕಾಲ್ ಮಾಡಿ ಕೇಳಿದೆ. ಹಳೇ ಕಾಲದ್ದು ಓಟ್ಸ್ ನೆನೆಸಿ, ಹುಳಿ ಬರಿಸಿ, ಸೋಸಿ ಕಾಯಿಸಿದ್ದು, ಆರಿದರೆ ಚಾಕುವಿನಲ್ಲಿ ಕೊಯ್ಯಬೇಕು ಅಂದರು. ಕೈಯಲ್ಲಿ ಕೊಯ್ದು ತೋರಿಸಿದರು. ಹಾಲುಬಾಯಿ! ಅಕ್ಕಿ ರುಬ್ಬಿ ಕಾಸಿ ತಟ್ಟೆಗೆ ಸುರಿದು ಕೊಯ್ಯುವ ನಮ್ಮ ಹಾಲುಬಾಯಿಯ ಹಾಗೆ. ಪುಸ್ತಕದಲ್ಲಿ ಕಿಸೆಲ್ ಅಂತಲೇ ಉಳಿಸಿಕೊಂಡೆ, ಹಾಲುಬಾಯಿಯ ಹಾಗೆ ತಳತಳ ಅಲುಗುವ ದಡ ಅಂತ ಸೇರಿಸಿದೆ. ಬೆರ್ಯೋಜಾ ಮರಕ್ಕೆ ಪದ ಹುಡುಕುತ್ತಿದ್ದಾಗ ನಮ್ಮ ಭೂರ್ಜವೇ ಸಿಕ್ಕಿತು. ಹಳೆಯ ಓಲೆಗಳ ಆ ಭೂರ್ಜಪತ್ರದ ಮರ. ಎರಡು ಪದಕ್ಕೂ ಬೇರು ಒಂದೇ ಅಂತೆ. ಆವತ್ತು ಇಡೀ ದಿನ ಆ ಎರಡು ಪದ ಹೇಳಿಕೊಂಡೇ ಓಡಾಡಿದೆ.

ಹಿಮದ ಸದ್ದು ಕೊನೆಯ ತನಕ ಕಾಡಿತು. ತುಂಬ ಚಳಿಯಲ್ಲಿ ಹಿಮದ ಮೇಲೆ ಕಾಲಿಟ್ಟರೆ ಅದು ಕಿರುಗುಟ್ಟುತ್ತದೆ. ಅಡುಗೆಮನೆಯಲ್ಲಿ ಕಾರ್ನ್‌ಫ್ಲೋರ್ ಪೊಟ್ಟಣ ಅಮುಕಿದಾಗ ಅದೇ ಸದ್ದು ಬಂತು. ಶನಿವಾರ ಆ ಪೊಟ್ಟಣ ತೆಗೆದುಕೊಂಡು ಹೋಗಿ, ಅರೀನಾ ನಡೆಯುವ ಕಡೆಯಲ್ಲೆಲ್ಲ ಅಮುಕುತ್ತಾ ಓದಿದೆ. ಮಕ್ಕಳು ಕಾಲು ಮೇಲಕ್ಕೆ ಎಳೆದುಕೊಂಡು ಕೂತರು.

ಕೊನೆಯ ಅಧ್ಯಾಯ ನಾನು ಹೊಸದಾಗಿ ಕಟ್ಟಿದ್ದಲ್ಲ. ಮಾಸ್ಕೋ ಬಿಡುವ ದಿನ ಸೂಟ್‌ಕೇಸ್ ಎಲ್ಲ ಬಾಗಿಲ ಹತ್ತಿರ ಇತ್ತು. ಟ್ಯಾಕ್ಸಿ ಕೆಳಗೆ ಬಂದಿತ್ತು. ಅಜ್ಜಿ ಒಳಗೆ ಬಂದು "ಕೂತ್ಕೊಳ್ಳಿ" ಅಂದರು. ಪ್ರಯಾಣಕ್ಕೆ ಮುಂಚೆ ಒಂದು ನಿಮಿಷ ಎಲ್ಲರೂ ಸುಮ್ಮನೆ ಕೂರಬೇಕು, ಅದು ಅವರ ಪದ್ಧತಿ. ನಾನು ಸೂಟ್‌ಕೇಸ್ ಮೇಲೆ ಕೂತೆ, ಮಗಳು ನೆಲದ ಮೇಲೆ, ಅವರು ಶೂ ಹಾಕಿಕೊಳ್ಳುವ ಸ್ಟೂಲಿನ ಮೇಲೆ. ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ ಮೊದಲು ಎದ್ದರು. ನಮ್ಮ ಜೊತೆ ಹೊಸ್ತಿಲು ದಾಟಿ ಮೆಟ್ಟಿಲ ತನಕ ಬಂದು, ಅಲ್ಲಿ ತಬ್ಬಿಕೊಂಡರು. ಬಾಗಿಲಲ್ಲಿ ತಬ್ಬಿಕೊಳ್ಳಲಿಲ್ಲ. ಕಾದಂಬರಿಯಲ್ಲಿ ಅರೀನಾ ಬೆಂಕಿಯ ಬುರುಡೆ ಹಿಡಿದು ಹೊರಟಾಗ ಯಗಜ್ಜಿ ಕೂತ್ಕೋ ಅನ್ನುತ್ತಾಳೆ. ಇಬ್ಬರೂ ಕೂರುತ್ತಾರೆ. ಅವಳು ಅರೀನಾಳನ್ನು ತಬ್ಬಿಕೊಳ್ಳುವುದಿಲ್ಲ, ಒಂದು ಒಳ್ಳೆಯ ಮಾತೂ ಆಡುವುದಿಲ್ಲ. ಮೂಳೆಕಾಲು ಚಾಚಿ ಬಾಗಿಲು ತೆಗೆಯುತ್ತಾಳೆ.

ಇನ್ನೊಂದು ಸಣ್ಣ ಪ್ರಕಾಶನದವರು ಬುರುಡೆ ಬೇಲಿಯನ್ನು ಹಾಗೇ ಇಟ್ಟುಕೊಂಡು ಅಚ್ಚು ಹಾಕಿದರು. ಚಿತ್ರ ಬರೆದ ಹುಡುಗಿ ಪ್ರತಿ ಪುಟಕ್ಕೂ ಇಳಕಲ್ ಸೀರೆಯ ಅಂಚು ಹಾಕಲಾ ಅಂತ ಕೇಳಿದಳು. ಬೇಡ, ಇದು ಅವರ ಕಾಡು, ಅಣಬೆಯೇ ಇರಲಿ ಅಂದೆ. ಯಗಜ್ಜಿಯ ಮನೆಯ ಹೊಸ್ತಿಲು ಬರೆಯಲು ಅವಳಿಗೆ ನನ್ನ ಹಳೇ ಫೋನಿನಲ್ಲಿದ್ದ ಒಂದು ಫೋಟೋ ಕೊಟ್ಟಿದ್ದೆ. ಮೊದಲ ಪ್ರತಿ ಮಾಸ್ಕೋಗೆ ಕಳಿಸಿದ್ದೇನೆ, ಆ ಪುಟದಲ್ಲಿ ಒಂದು ರಿಬ್ಬನ್ ಇಟ್ಟು. ಅಜ್ಜಿಗೆ ಕನ್ನಡ ಓದಲು ಬರುವುದಿಲ್ಲ. ಆದರೆ ಕಂದು ಬಣ್ಣ ಹೋಗಿ ನಡುವೆ ತಗ್ಗಾದ ಆ ಮರದ ತುಂಡು ಯಾರ ಮನೆಯದು ಅಂತ ಅವರಿಗೆ ಗೊತ್ತಾಗುತ್ತದೆ.